ಕಾರಿನ ಗಾಜು ಮತ್ತು ನಡುವಿನ ಸೀಟು

ಬೆಳಿಗ್ಗೆ ಫ್ಯಾಕ್ಟರಿಯ ಭೋಂಗಾ ಕೂಗುವ ಮೊದಲೇ ಎದ್ದು, ಅಂಗಳದ ಫರ್ಸಿಗಲ್ಲಿಗೆ ನೀರು ಹೊಡೆದು ರಂಗೋಲಿ ಹಾಕಿ, ತುಳಸಿಯ ಎಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ನಮ್ಮೂರು ವಾಡಿಯ ತುಳಸಿಗೆ ನೀರಿಗಿಂತ ಮೊದಲು ಒರೆಸುವ ಬಟ್ಟೆ ಬೇಕು. ರಾತ್ರಿಯೆಲ್ಲ ಇಳಿದ ಸಿಮೆಂಟಿನ ಹಿಟ್ಟು ಎಲೆಯ ಮೇಲೆ ಕೂತಿರುತ್ತದೆ. ಬೆರಳು ಎಳೆದರೆ ಗೆರೆ ಮೂಡುತ್ತದೆ. ಮಣ್ಣೆತ್ತಿನ ಅಮಾವಾಸ್ಯೆ ಎಂದು ಒಂದು ಜೋಡಿ ಮಣ್ಣಿನ ಎತ್ತು ಆಗಲೇ ಕಟ್ಟೆಯ ಮೇಲೆ ನಿಂತಿದ್ದವು. ಇನ್ನು ಕಾರು ತೊಳೆಯುವುದೊಂದು ಬಾಕಿ. ಅಮಾವಾಸ್ಯೆಗೆ ಗಾಡಿಯ ಪೂಜೆ ಆಗಲೇಬೇಕು, ಇದು ನಮ್ಮವರ ಕಾನೂನು.

ಕಾರಿಗೆಂದು ತಂದಿದ್ದ ಸೋಪಿನ ನೀರು ಮುಗಿದಿತ್ತು. ಬಚ್ಚಲಿನ ಗೂಡಿನಲ್ಲಿ ಕೈಯಾಡಿಸಿದಾಗ, ಬೇಸಿಗೆಯಲ್ಲಿ ಬಂದಿದ್ದ ನಾದಿನಿ ತನ್ನ ಕೂಸಿಗೆಂದು ಇಟ್ಟುಹೋದ ಶಾಂಪೂ ಸಿಕ್ಕಿತು. ಎರಡು ಹನಿ ಬಕೆಟ್ಟಿಗೆ ಬಿಟ್ಟು ಕಲಕಿದೆ. ಆ ವಾಸನೆ ಏಳುತ್ತಿದ್ದಂತೆ ನನ್ನ ಕೈ ತಾನಾಗಿಯೇ ನಿಂತಿತು. ಮಕ್ಕಳ ಶಾಂಪೂವಿನ ವಾಸನೆ ಎಲ್ಲರಿಗೂ ಎಳೆಗೂಸನ್ನು ನೆನಪಿಗೆ ತರುತ್ತದೆ. ನನಗೆ ಸೇಡಂನ ಒಂದು ಅಂಗಡಿ, ಅರ್ಧ ಎಳೆದ ಶಟರು, ಹೊರಗೆ ಜಿಟಿಜಿಟಿ ಮಳೆ, ಮತ್ತು ಮೂರು ಹುಡುಗಿಯರು ಎರಡನೆಯ ಪಿಯುಸಿ ಓದಿದ ಆ ವರ್ಷ ನೆನಪಾಗುತ್ತದೆ.

ಮೂವರಲ್ಲಿ ಒಬ್ಬಳು ನನ್ನ ಮಗಳು ಸಿಂಧು. ಇನ್ನೊಬ್ಬಳು ಹಿಂದಿನ ಓಣಿಯ ಸಾನಿಯಾ. ಮೂರನೆಯವಳು ಎದುರು ಮನೆಯ ಮಹಾದೇವಿಯ ಹಿರಿಮಗಳು ಪ್ರಜ್ಞಾ. ಮೂವರೂ ವಿಜ್ಞಾನ ತೆಗೆದುಕೊಂಡು ಶಹಾಬಾದಿನ ಕಾಲೇಜಿಗೆ ಸೇರಿದ್ದರು. ಬೆಳಗಿನ ರೈಲು ಅನುಕೂಲವಾಗಿತ್ತು; ವಾರದಲ್ಲಿ ಹೆಚ್ಚು ದಿನ ಪ್ರಾಕ್ಟಿಕಲ್, ಅದು ಮುಗಿದ ಮೇಲೆ ವಾಪಸ್ಸಿಗೆ ರೈಲಿಲ್ಲ, ಬಸ್ಸು ತನ್ನ ಮನಸ್ಸು ಬಂದಾಗ ಬರುತ್ತಿತ್ತು. ನಮ್ಮವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಪಾಳಿಯ ಮೇಲೆ ದುಡಿಯುವವರು. ಮನೆಯ ಮುಂದೆ ಹಳೆಯ ಬಿಳಿ ಕಾರು ನಿಂತಿತ್ತು, ನನಗೆ ಓಡಿಸಲು ಬರುತ್ತಿತ್ತು. ಹಾಗಾಗಿ ಮೂವರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದಿನಾ ಹೋಗಿಬರುವ ಕೆಲಸ ನನ್ನದಾಯಿತು. ನಾನು ಓದಿದ ಕಾನ್ವೆಂಟೂ ಶಹಾಬಾದಿನಲ್ಲೇ ಇದ್ದದ್ದರಿಂದ ಆ ದಾರಿಯ ಪ್ರತಿ ತಿರುವು, ರಸ್ತೆಯಂಚಿನಲ್ಲಿ ಪೇರಿಸಿಟ್ಟ ಫರ್ಸಿಯ ಪ್ರತಿ ಗುಡ್ಡೆ ನನಗೆ ಗೊತ್ತಿತ್ತು.

ಮಹಾದೇವಿ ಗುಂಡಗುರ್ತಿಯ ಸೊಸೆ. ಗಂಡ ಸಿಮೆಂಟ್ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ, ಅವಳು ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ. ಓಣಿಯ ಅರ್ಧ ಜಂಪರುಗಳು ಅವಳ ಕೈಯಿಂದಲೇ ಬರುತ್ತಿದ್ದವು. ಅವರ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದ ಮೊದಲ ಹುಡುಗಿ ಪ್ರಜ್ಞಾ. ಗುಂಡಗುರ್ತಿಯ ಹಿರಿಯರು ಹಬ್ಬಕ್ಕೆ ಹೋದಾಗಲೆಲ್ಲ, "ಇನ್ನ ಎಷ್ಟು ಓದಸ್ತಿ? ಹುಡುಗ ನೋಡೀವಿ" ಎನ್ನುತ್ತಿದ್ದರಂತೆ. ಒಂದು ನೆಪ ಸಿಕ್ಕರೆ ಸಾಕು, ಮಗಳ ಓದು ನಿಲ್ಲುತ್ತದೆ ಎಂಬ ಹೆದರಿಕೆಯಲ್ಲೇ ಮಹಾದೇವಿ ಯಂತ್ರ ತುಳಿಯುತ್ತಿದ್ದಳು. ಆ ನೆಪ ಮಳೆಗಾಲದ ಮೊದಲಲ್ಲೇ ಬಂತು.

ಅಂದು ಹುಡುಗಿಯರನ್ನು ಕಾಲೇಜಿಗೆ ಬಿಟ್ಟು, ಮಾರುಕಟ್ಟೆಯ ಪಕ್ಕದ ಬೀದಿಯಲ್ಲಿ ಕಾರು ನಿಲ್ಲಿಸಿ ಪುಂಡಿಪಲ್ಯ ಕೊಳ್ಳಲು ಹೋಗಿದ್ದೆ. ತಿರುಗಿ ಬಂದಾಗ ಹಿಂದಿನ ಎಡಬಾಗಿಲಿನ ಗಾಜು ಇರಲಿಲ್ಲ. ಸೀಟಿನ ತುಂಬ ಕಲ್ಲುಸಕ್ಕರೆಯ ಹರಳಿನಂಥ ಚೂರುಗಳು, ಅವುಗಳ ನಡುವೆ ಒಂದು ಫರ್ಸಿಯ ತುಂಡು, ಮೇಲಿಂದ ಮಳೆ. ಒಳಗಿದ್ದ ಕೊಡೆ, ನನ್ನ ಶಾಲು, ಸಾನಿಯಾಳ ಊಟದ ಡಬ್ಬಿ ಎಲ್ಲ ಇದ್ದಲ್ಲೇ ಇದ್ದವು. ಕದಿಯಲು ಬಂದವರು ಕೊಡೆಯನ್ನಾದರೂ ಒಯ್ಯುತ್ತಾರೆ. ಇದು ಸುಮ್ಮನೆ ಒಡೆಯಬೇಕೆಂದು ಒಡೆದದ್ದು. ಅದೇ ಬೀದಿಯಲ್ಲಿ ಇನ್ನೂ ಎರಡು ಗಾಡಿಗಳಿಗೆ ಹಾಗೇ ಆಗಿತ್ತು. ಯಾರು, ಯಾಕೆ ಎಂದು ಕೊನೆಗೂ ಗೊತ್ತಾಗಲಿಲ್ಲ.

ಗೊಬ್ಬರದ ಚೀಲ ಬಿಚ್ಚಿ ಬಾಗಿಲಿಗೆ ಕಟ್ಟಿಕೊಂಡು ಹುಡುಗಿಯರನ್ನು ಕರೆತಂದೆ. ದಾರಿಯುದ್ದಕ್ಕೂ ಆ ಚೀಲ ಪಟಪಟ ಬಡಿದುಕೊಳ್ಳುತ್ತಿತ್ತು. ಓಣಿಗೆ ಬಂದು ನಿಂತಾಗ ಮಹಾದೇವಿ ಕತ್ತರಿ ಕೈಯಲ್ಲಿ ಹಿಡಿದೇ ಹೊರಗೆ ಬಂದಳು. ಚೀಲ ನೋಡಿದಳು, ಮಗಳನ್ನು ನೋಡಿದಳು.

"ಪ್ರಜ್ಞಾ ಯಾವ ಕಡಿ ಕುಂದ್ರತಾಳ್ರಿ ವೈನಿ?"

"ಎಡಕ್ಕ."

ಅವಳು ಮಗಳ ಕೈ ಹಿಡಿದು ಒಳಗೆ ಹೋದಳು. ಸಂಜೆ ನಮ್ಮ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು.

"ಇದು ಗುಂಡಗುರ್ತಿಗೆ ಮುಟ್ತದ್ರಿ. ನಾಳಿಗೇ ಮುಟ್ತದ. ಪೋರಿ ಕುಂತಿರೋ ಗಾಡಿಗೆ ಕಲ್ಲು ಬಿತ್ತು ಅಂತ ಅದಕ್ಕ ಕೈಕಾಲು ಹಚ್ಚಿ ಹೇಳ್ತಾರ. ಗಾಜಿಗೆ ಕರೀ ಪೇಪರ್ ಹಚ್ಚಸ್ರಿ ನೀವು. ನನ್ನ ಮಗಳು ಊರಿಗೆ ಕಾಣಬಾರ್ದು. ಹಚ್ಚಿಸ್ಲಿಲ್ಲಂದ್ರ ನಾ ಕಳ್ಸಂಗಿಲ್ಲ."

"ಕಾಲೇಜು ಬಿಡಸ್ತೀಯೇನು?"

"ಬಿಡಸ್ತೀನಿ ಅಂದ್ನೇನ್ರಿ? ಕಳ್ಸಂಗಿಲ್ಲ ಅಂದೆ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಎರಡೂ ಒಂದೇ ಎಂದು ಅವಳಿಗೂ ಗೊತ್ತಿತ್ತು.

ಒಡೆದ ಗಾಜನ್ನು ಬದಲಿಸುವುದಕ್ಕೆ ಹೇಗೂ ಸೇಡಂಗೆ ಹೋಗಬೇಕಿತ್ತು. ಮಹಾದೇವಿಯನ್ನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಚಿತ್ತಾಪುರ ದಾಟಿದ ಮೇಲೆ ಎರಡೂ ಕಡೆ ಆಗತಾನೆ ಮೊಳೆತ ತೊಗರಿ, ಕರಿನೆಲದ ಮೇಲೆ ಹಸಿರು ಹೊಲಿಗೆ ಹಾಕಿದಂತೆ ಕಾಣುತ್ತಿತ್ತು. "ಸಾಲು ಸೊಟ್ಟ ಬಂದಾವ" ಎಂದಳು ಮಹಾದೇವಿ. ಅವಳ ಕಣ್ಣಿಗೆ ಸೊಟ್ಟ ಹೊಲಿಗೆ ಎಲ್ಲಿದ್ದರೂ ಕಾಣುತ್ತದೆ.

ಅಂಗಡಿಯವನ ಹೆಸರು ಬಸವರಾಜ. ಮಾತಿನ ಮನುಷ್ಯ. ಹೊಸ ಗಾಜು ಕೂರಿಸುತ್ತಲೇ ಕಪ್ಪು ಫಿಲ್ಮಿನ ಸುರುಳಿಯನ್ನು ಸೀರೆಯಂಗಡಿಯವರ ಹಾಗೆ ಬಿಚ್ಚಿ ಹರವಿದ.

"ಇದು ಹಾಕಿಸ್ರಿ ಅಕ್ಕಾ. ಒಳಗ ಯಾರ್ ಕುಂತಾರಂತ ದೇವ್ರಿಗೂ ಗೊತ್ತಾಗಂಗಿಲ್ಲ."

"ದೇವರಿಗೆ ಗೊತ್ತಾದ್ರ ನಡೀತದ. ಪೊಲೀಸರು ಹಿಡಿಯಂಗಿಲ್ಲೇನು?"

"ಹೆಣ್ಮಕ್ಕಳ ಗಾಡಿ ಅಂತ ಬಿಡ್ತಾರ್ರಿ."

"ಒಳಗ ಇದ್ದವ್ರು ಕಾಣದಿದ್ರ, ಹೆಣ್ಮಕ್ಕಳ ಗಾಡಿ ಅಂತ ಅವರಿಗೆ ಹ್ಯಾಂಗ ಗೊತ್ತಾಗ್ತದ?"

ಮಹಾದೇವಿ ನಗು ತಡೆಯಲು ಬೇರೆ ಕಡೆ ನೋಡಿದಳು. ಬಸವರಾಜನೂ ನಕ್ಕುಬಿಟ್ಟ. ನಾನು ಅವನನ್ನು ಬಿಡಲಿಲ್ಲ. ಕಲ್ಲು ಬಿದ್ದರೆ ಏನಾಗುತ್ತದೆ ಎಂದು ಕೇಳಿದೆ. "ಕಲ್ಲಿಗೆ ಏನೂ ಆಗಂಗಿಲ್ರಿ, ಗುಂಡು ಹೊಡದ್ರೂ ಒಡೆಯಂಗಿಲ್ಲ" ಎಂದ. ಗುಂಡಿನ ಮಾತು ಬಂದಾಗಲೇ ಇವನ ಮಾತನ್ನು ಎಷ್ಟು ನಂಬಬೇಕೆಂದು ತಿಳಿಯಿತು. ಬೇರೆ ಏನಿದೆ ಎಂದು ಒತ್ತಾಯಿಸಿದ ಮೇಲೆ ಕಪಾಟಿನ ಕೆಳಗಿನಿಂದ ಇನ್ನೊಂದು ಸುರುಳಿ ಎಳೆದ. ನೀರಿನಷ್ಟು ತಿಳಿಯಾಗಿತ್ತು, ಮುಟ್ಟಿದರೆ ದಪ್ಪ. ಅಂಚಿನಲ್ಲಿ ತಯಾರಿಸಿದವರ ಗುರುತು, ಬೆಳಕು ಎಷ್ಟು ದಾಟುತ್ತದೆ ಎಂಬ ಅಚ್ಚು ಎರಡೂ ಇದ್ದವು. ಬಂಗಾರದಂಗಡಿಯವರು ತಮ್ಮ ಗಾಜಿನ ಪೆಟ್ಟಿಗೆಗಳಿಗೆ ಹಾಕಿಸುವ ಜಾತಿಯದಂತೆ, ಇದು ಗಾಡಿಗೆಂದೇ ಮಾಡಿದ್ದು.

"ಇದನ್ನ ಯಾಕ ಮೊದಲ ತೋರಿಸ್ಲಿಲ್ಲ?"

"ಯಾರೂ ಒಯ್ಯಂಗಿಲ್ಲ ಅಕ್ಕಾ. ಹಚ್ಚಿಸಿದ್ರೂ ಹಚ್ಚಿಸಿದಂಗ ಕಾಣಂಗಿಲ್ಲ ನೋಡ್ರಿ, ಮಂದಿ ಯಾಕ ರೊಕ್ಕ ಹಾಕ್ತಾರ?"

ಮಹಾದೇವಿ ಕಪ್ಪಿನ ಮೇಲಿನ ಕೈ ತೆಗೆಯಲಿಲ್ಲ. ಎರಡರದೂ ಮೊಳದಗಲದ ತುಂಡುಗಳನ್ನು ಕೇಳಿ ಪಡೆದು ಮನೆಗೆ ಬಂದೆ.

ಮರುದಿನ ಮಧ್ಯಾಹ್ನ ನಮ್ಮ ಹಿತ್ತಲಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಅಟ್ಟದಲ್ಲಿದ್ದ ಹಳೆಯ ಫೋಟೋ ಚೌಕಟ್ಟುಗಳ ಗಾಜು ಬಿಚ್ಚಿ, ಒಂದಕ್ಕೆ ಕಪ್ಪು ತುಂಡು, ಇನ್ನೊಂದಕ್ಕೆ ತಿಳಿ ತುಂಡು ಹಚ್ಚಿದೆವು. ಮೂವರು ಹುಡುಗಿಯರಿಗೂ ಕನ್ನಡಕ, ಕೈಗೆ ನಮ್ಮವರ ಡ್ಯೂಟಿಯ ಗ್ಲೌಸು. ಗಾಜನ್ನು ಬಕೆಟ್ಟಿನ ಬಾಯಿಗೆ ಅಡ್ಡ ಇಟ್ಟು, ಒರಳಿನ ಗುಂಡುಕಲ್ಲನ್ನು ಮೇಲಿನಿಂದ ಬಿಡುವುದು. ಫೋಟೋದ ಗಾಜು ಬೇರೆ, ಕಾರಿನ ಗಾಜು ಬೇರೆ ಎಂದು ನನಗೆ ಗೊತ್ತಿತ್ತು. ಅದು ಚೂರಿಯಂತೆ ಒಡೆಯುತ್ತದೆ, ಇದು ಹರಳಿನಂತೆ. ಆದರೂ ಹಾಳೆಯ ಗುಣ ಹಾಳೆಯದು. ಕಪ್ಪು ತುಂಡು ಹಚ್ಚಿದ ಗಾಜು ಕಲ್ಲಿನ ಜೊತೆಗೇ ಬಕೆಟ್ಟಿಗೆ ಹೋಯಿತು. ತಿಳಿ ತುಂಡಿನದೂ ಒಡೆಯಿತು, ಆದರೆ ಹರಿಯಲಿಲ್ಲ. ಗುಂಡುಕಲ್ಲು ಜೋಳಿಗೆಯಲ್ಲಿ ಕೂತ ಕೂಸಿನಂತೆ ಅದರೊಳಗೇ ಜೋತು ನಿಂತಿತು.

ಹುಡುಗಿಯರು ಚಪ್ಪಾಳೆ ಹೊಡೆದರು. ಗೋಡೆಯಾಚೆಯಿಂದ ಮಹಾದೇವಿ ಇಣುಕಿದಳು.

"ಒಡೀತಲ್ಲ ವೈನಿ? ಮತ್ತ ಅದ್ರಾಗ ಏನು ಫರಕ್?"

"ಒಡೆಯೋದು ಒಡೀತದ. ಮಕ್ಕಳ ಮೈಮ್ಯಾಲ ಬೀಳಂಗಿಲ್ಲ. ನೀ ಜಂಪರಿಗೆ ಅಸ್ತರ್ ಹಚ್ಚಿದಂಗ ಇದು. ಮ್ಯಾಲಿನ ಅರಿವಿ ಹರದ್ರೂ ಒಳಗಿಂದು ಹಿಡೀತದ."

"ಅಸ್ತರ್ ಹಚ್ಚಿದ್ರೂ ಮ್ಯಾಲಿನ ಅರಿವಿ ದಪ್ಪಂದೇ ತೊಗೋತಾರ," ಎಂದು ತಿರುಗೇಟು ಕೊಟ್ಟಳು. "ಒಳಗಿನವ್ರು ಕಾಣ್ತಾರಲ್ಲ?"

"ಕಾಣ್ಲಿ ಮಹಾದೇವಿ. ನಾಳೆ ಗಾಡಿಯೊಳಗ ಯಾರಿಗರ ತ್ರಾಸ ಆದ್ರ, ಹೊರಗಿನ ನಾಕು ಮಂದಿಗೆ ಕಾಣಬೇಕೋ ಬ್ಯಾಡೋ? ಸಂಜಿಗೆ ಕಾಗಿಣಾ ಸೇತುವಿ ಮ್ಯಾಲ ಹಿಂದಿನ ಲಾರಿ ನನಗ ಕಾಣಬೇಕೋ ಬ್ಯಾಡೋ? ಕರೀ ಗಾಜು ನೋಡಿದ್ರ ಒಳಗ ಏನದ ಅಂತ ನೋಡೋ ಆಸೆ ಹುಟ್ತದ. ನಮ್ಮ ಗಾಡ್ಯಾಗ ಮುಚ್ಚಿಡುವಂಥಾದ್ದು ಏನದ? ಮೂರು ಪೋರಿಯರು, ಮೂರು ಪುಸ್ತಕದ ಚೀಲ."

ಅವಳು ಬಹಳ ಹೊತ್ತು ಗೋಡೆಯ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆದಳು. ಕಡೆಗೆ ಒಂದು ಷರತ್ತು ಹಾಕಿದಳು. ಪ್ರಜ್ಞಾ ನಡುವಿನ ಸೀಟಿನಲ್ಲೇ ಕೂರಬೇಕು. ಕಿಟಕಿಯ ಹತ್ತಿರ ಯಾವತ್ತೂ ಕೂರಬಾರದು. ನಾನು ಒಪ್ಪಿದೆ. ಕಿಟಕಿಯ ಕಡೆ ನನ್ನ ಮಗಳು ಕೂರುತ್ತಾಳೆ ಎಂದೆ.

ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಒಂದು ಪ್ರಶ್ನೆ ಎತ್ತಿದರು. "ರೈಲಿನ ಡಬ್ಬಿಯೊಳಗ ಎಮರ್ಜೆನ್ಸಿ ಖಿಡಕಿ ಅಂತ ಒಂದು ಇರ್ತದ. ಎಲ್ಲಾ ಗಾಜಿಗೂ ಹಂಥಾದ್ದು ಹಚ್ಚಿಸಿ ಕುಂತ್ರ, ಅಪಘಾತ ಆದಾಗ ಹೊರಗ ಹ್ಯಾಂಗ ಬರ್ತೀರಿ?" ಇಪ್ಪತ್ತು ವರ್ಷ ಸಿಗ್ನಲ್ ನೋಡಿದವರು, ಏನಾದರೂ ಕೆಡಬಹುದಾದರೆ ಅದು ಎಲ್ಲಿ ಕೆಡುತ್ತದೆ ಎಂದೇ ಅವರ ಯೋಚನೆ. ಮಾತು ಸರಿಯಾಗಿತ್ತು. ಹಿಂದಿನ ಎರಡು ಬಾಗಿಲು ಮತ್ತು ಹಿಂಬದಿಯ ಗಾಜಿಗೆ ಮಾತ್ರ ಹಚ್ಚಿಸುವುದು, ಮುಂದಿನ ಎರಡು ಬಾಗಿಲಿನವನ್ನು ಹಾಗೇ ಬಿಡುವುದು ಎಂದು ತೀರ್ಮಾನಿಸಿದೆವು. ಎದುರಿನ ದೊಡ್ಡ ಗಾಜು ಮೊದಲೇ ಎರಡು ಪದರದ್ದು, ಅದಕ್ಕೆ ಬೇಕಿರಲಿಲ್ಲ.

ಹಚ್ಚಿಸಲು ಮಳೆ ಬರುವ ದಿನವನ್ನೇ ಆರಿಸಿಕೊಂಡೆ. ಬಸವರಾಜ ಫೋನಿನಲ್ಲಿ, "ಮಳಿಯಾಗ ಯಾಕ್ರಿ ಅಕ್ಕಾ, ಬಿಸಲು ಬೀಳ್ಲಿ" ಎಂದ. ಬಿಸಿಲು ಬಿದ್ದರೆ ನಮ್ಮ ಕಡೆ ಗಾಳಿಯಲ್ಲಿ ಧೂಳೂ ಏಳುತ್ತದೆ. ನಾನು ದಿನಾ ತುಳಸಿ ಒರೆಸುವವಳು. ಯಾವ ದಿನ ಎಲೆಯ ಮೇಲೆ ಹಿಟ್ಟು ಕೂರುವುದಿಲ್ಲ ಎಂದು ನನಗೆ ಗೊತ್ತು. ಮಳೆ ಬಿದ್ದು ಗಾಳಿ ತೊಳೆದಿದ್ದ ಬೆಳಿಗ್ಗೆ, ಶಟರು ಅರ್ಧ ಇಳಿಸಿ ಅವನು ಕೆಲಸ ಶುರು ಮಾಡಿದ. ನೀರಿಗೆ ಮಕ್ಕಳ ಶಾಂಪೂ ಬೆರೆಸಿ ಗಾಜಿನ ಒಳಮೈಗೆ ಚಿಮುಕಿಸಿ, ಹಾಳೆಯನ್ನು ತೇಲಿಸಿ ಕೂರಿಸಿ, ರಬ್ಬರಿನ ಪಟ್ಟಿಯಿಂದ ನೀರನ್ನು ನಡುವಿನಿಂದ ಅಂಚಿಗೆ ಒತ್ತುತ್ತ ಹೋದ. ನನಗೆ ಕಾನ್ವೆಂಟಿನ ಜೂನ್ ತಿಂಗಳು ನೆನಪಾಯಿತು. ಹೊಸ ಪುಸ್ತಕಕ್ಕೆ ಹೊದಿಕೆ ಹಾಕುವಾಗ ಸಿಸ್ಟರ್ ಫುಟ್‌ಪಟ್ಟಿ ಹಿಡಿದು ಹೀಗೇ ಒತ್ತಿಸುತ್ತಿದ್ದರು. ಒಂದು ಗುಳ್ಳೆ ಉಳಿದರೂ ಬಿಚ್ಚಿ ಮತ್ತೆ ಹಾಕಬೇಕು. "ಅಲ್ಲೊಂದು ಗುಳ್ಳಿ ಅದ, ಇಲ್ಲೊಂದು ಅದ" ಎಂದು ನಾನು ಬೆರಳು ತೋರಿಸುತ್ತಿದ್ದರೆ ಬಸವರಾಜ, "ಅಕ್ಕಾ, ನೀವೇ ಬಂದು ಕೆಲಸಕ್ಕ ಕುಂದ್ರಿ, ಪಗಾರ ಕೊಡ್ತೀನಿ" ಎಂದ. ಹಾಳೆಯನ್ನು ರಬ್ಬರಿನ ಒಳಗಿನವರೆಗೂ ಇಳಿಸಲು ಹೇಳಿದೆ. ಅಂಚು ಬಿಟ್ಟ ಹೊದಿಕೆ ಮೊದಲು ಅಂಚಿನಲ್ಲೇ ಸುಲಿಯುತ್ತದೆ.

ಹೊರಡುವಾಗ ಅವನು ಒಂದೇ ಎಚ್ಚರಿಕೆ ಕೊಟ್ಟ: ಪೂರ್ತಿ ಒಣಗುವವರೆಗೆ, ಒಂದು ವಾರವಾದರೂ, ಗಾಜು ಇಳಿಸಬೇಡಿ. ನಾನು ಮನೆಗೆ ಬಂದು ಎಲ್ಲರಿಗೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ಎರಡು ದಿನಕ್ಕೆ ನಾಗರ ಅಮಾವಾಸ್ಯೆ ಬಂತು. ನಾನು ಒಳಗೆ ಪಂಚಮಿಯ ಉಂಡಿಗೆಂದು ಶೇಂಗಾ ಹುರಿಯುತ್ತಿದ್ದೆ. ಹೊರಗೆ ಊದುಬತ್ತಿಯ ವಾಸನೆ, ಕಾಯಿ ಒಡೆದ ಸದ್ದು. ಅದರ ಹಿಂದೆಯೇ ಕಿರ್ ಕಿರ್ ಎಂದು ಇನ್ನೊಂದು ಸದ್ದು. ಗಾಜು ಇಳಿಸುವ ಹಿಡಿಕೆಯ ಸದ್ದು ಅದು ಎಂದು ಹೊಳೆಯುವಷ್ಟರಲ್ಲಿ ತಡವಾಗಿತ್ತು. ಹೊರಗೆ ಓಡಿ ಬಂದರೆ ನಮ್ಮವರು ಮಡಿ ಪಂಚೆಯಲ್ಲಿ ನಿಂತು, ಚೆಂಡುಹೂವು, ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿದ ದಾರದ ತುದಿಯನ್ನು ಹಿಂದಿನ ಎಡಗಾಜಿನ ಸಂದಿಗೆ ಸಿಕ್ಕಿಸುತ್ತಿದ್ದಾರೆ. ಹಾಳೆಯ ಕೆಳಮೂಲೆ ಸುರುಳಿ ಸುತ್ತಿಕೊಂಡು ಎದ್ದುನಿಂತಿತ್ತು. ಅದರ ಅಂಟಿನ ಮೇಲೆ ಕುಂಕುಮದ ಬೆರಳಚ್ಚು.

"ಏನ್ರಿ ಇದು! ಇಳಿಸಬ್ಯಾಡ್ರಿ ಅಂತ ಹೇಳಿದ್ದಿಲ್ಲೇನು?"

"ಅಮಾಸಿ ದಿವಸ ದಾರ ಕಟ್ಟಲಾರ್ದ ಹ್ಯಾಂಗ ಬಿಡ್ಲಿ?"

"ಸಿಗ್ನಲ್ ಕೆಂಪಿದ್ರ, ಅಮಾಸಿ ಅದ ಅಂತ ರೈಲು ಬಿಡ್ತೀರೇನು?"

ಅವರು ಕುಂಕುಮದ ಕೈಯನ್ನೇ ಹಣೆಗೆ ಒರೆಸಿಕೊಂಡು ನಿಂತರು. ಆ ಕೋಪದಲ್ಲೂ ನನಗೆ ನಗು ಬಂತು. ಧೂಳು ಹತ್ತಿದ ಮೂಲೆ ಮತ್ತೆ ಕೂರಲಿಲ್ಲ. ಬ್ಲೇಡಿನಿಂದ ಅದನ್ನು ಓರಣವಾಗಿ ಕತ್ತರಿಸಿದೆ. ವೀಳ್ಯದೆಲೆಯಷ್ಟು ಜಾಗ ಬರಿಗಾಜಾಗಿ ಉಳಿಯಿತು. ಬಸವರಾಜ ಇಡೀ ಗಾಜಿನದು ತೆಗೆದು ಮತ್ತೆ ಹಚ್ಚಬೇಕೆಂದ. ಅಷ್ಟರಲ್ಲಿ ಕಾಗಿಣಾ ತುಂಬಿ ಹರಿದು ಸೇಡಂ ಕಡೆಯ ದಾರಿ ಬಂದಾಯಿತು. ಮಳೆ ನಿಂತ ಮೇಲೆ ಕಿರುಪರೀಕ್ಷೆ, ಆಮೇಲೆ ದೀಪಾವಳಿ. ವೀಳ್ಯದೆಲೆಯಷ್ಟು ತಾನೇ ಎಂದು ಆ ಮೂಲೆ ಹಾಗೇ ಉಳಿಯಿತು.

ಆ ವರ್ಷದ ಉಳಿದ ತಿಂಗಳುಗಳು ಹಿಂದಿನ ಸೀಟಿನ ಮಾತುಗಳಾಗಿ ನನ್ನ ಕಿವಿಯಲ್ಲಿವೆ. ಸಾನಿಯಾ ಬಲಕ್ಕೆ ಕೂತು ಸೂತ್ರಗಳನ್ನು ರಾಗವಾಗಿ ಹೇಳುತ್ತಿದ್ದಳು. ಸಿಂಧು ಎಡಕ್ಕೆ ಕೂತು ನಿದ್ದೆ ಮಾಡುತ್ತಿದ್ದಳು. ನಡುವೆ ಪ್ರಜ್ಞಾ, ಎರಡೂ ಮೊಣಕಾಲು ಕೂಡಿಸಿ, ಪುಸ್ತಕ ಬಿಚ್ಚಿಟ್ಟುಕೊಂಡು. ಒಮ್ಮೊಮ್ಮೆ ಕನ್ನಡಿಯಲ್ಲಿ ನೋಡಿದರೆ ಅವಳು ಕತ್ತನ್ನು ಉದ್ದ ಮಾಡಿ ಸಿಂಧುವಿನ ತಲೆಯ ಮೇಲಿಂದ ಹೊರಗೆ ನೋಡುತ್ತಿರುತ್ತಿದ್ದಳು. ತೊಗರಿ ಹೂ ಬಿಟ್ಟದ್ದನ್ನೂ, ಕಟಾವಾದದ್ದನ್ನೂ ಅವಳು ಹಾಗೆ ಕತ್ತು ಚಾಚಿಯೇ ನೋಡಿದಳು. ಕಾಗಿಣಾದ ನೀರು ಇಳಿದು ಬಂಡೆಗಳು ಕಂಡಾಗ, "ಆಂಟಿ, ನೀರು ಹ್ವಾದ್ವು ನೋಡ್ರಿ" ಎಂದು ಮೊದಲು ಹೇಳಿದವಳೂ ಅವಳೇ.

ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಊರ ಹೊರಗಿನ ರೈಲ್ವೆ ಗೇಟು ಬಿದ್ದಿತ್ತು. ಸಿಮೆಂಟಿನ ಡಬ್ಬಿಗಳ ಗೂಡ್ಸು ಮುಗಿಯದಂತೆ ಹೋಗುತ್ತಿತ್ತು. ಮುಂದೆ ಹಿಂದೆ ಲಾರಿ, ಆಟೋ, ನಡುವೆ ನಾವು. ಗೂಡ್ಸಿನ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಹಿಂದೆ ದಪ್ ಎಂದಿತು, ನೆನೆದ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ. ತಿರುಗಿ ನೋಡಿದರೆ ಸಿಂಧುವಿನ ಪಕ್ಕದ ಗಾಜು ಒಮ್ಮೆಲೇ ಬೆಳ್ಳಗಾಗಿತ್ತು. ಜೋಳದ ಅರಳು ಸಿಡಿದಂತೆ ತುಂಬ ಬಿಳಿ ಬಿರುಕು. ಹೊರಗೆ ರಸ್ತೆಯ ಮೇಲೆ ಫರ್ಸಿಯ ತುಂಡು ಉರುಳುತ್ತಿತ್ತು.

ಗಾಜು ಬಾಗಿಲಿನಲ್ಲೇ ನಿಂತಿತ್ತು. ಒಳಕ್ಕೆ ಸ್ವಲ್ಪ ಉಬ್ಬಿತ್ತು, ಅಷ್ಟೇ. ಕೆಳಮೂಲೆಯಿಂದ ಮಾತ್ರ ಒಂದು ಹಿಡಿ ಹರಳು ಸಿಂಧುವಿನ ತೊಡೆಯ ಮೇಲೆ ಸುರಿದಿದ್ದವು. ಅವಳ ಮುಂಗೈ ಮೇಲೆ ಬೆಕ್ಕು ಪರಚಿದಂಥ ಒಂದು ಗೀರು. ಪ್ರಜ್ಞಾ ಅವಳ ಕೈ ಹಿಡಿದುಕೊಂಡಿದ್ದಳು. ಸಾನಿಯಾ "ಯಾ ಅಲ್ಲಾ" ಎಂದು ಹೇಳುತ್ತಲೇ ಇದ್ದಳು.

ಆಟೋದವರು, ಲಾರಿಯವರು ಇಳಿದು ಬಂದರು. ಯಾರು ಒಗೆದರೆಂದು ಯಾರೂ ನೋಡಿರಲಿಲ್ಲ. ಗೋಡೆಯ ಹಿಂದೆ ಯಾರೋ ಓಡಿದರು ಎಂದೊಬ್ಬ, ಕುಡಿದವರು ಎಂದು ಇನ್ನೊಬ್ಬ. "ವಾಪಸ್ ಹೊಳ್ಳ್ರಿ ಅಕ್ಕಾರ, ಇಂಥಾದ್ರಾಗ ಹೋಗಬ್ಯಾಡ್ರಿ" ಎಂದರು ಎಲ್ಲರೂ. ನಾನು ಹಿಂದಿನ ಬಾಗಿಲು ತೆರೆದು, ಸಿಂಧುವಿನ ತೊಡೆಯ ಮೇಲಿನ ಹರಳುಗಳನ್ನು ನನ್ನ ಸೆರಗಿಗೆ ಉದುರಿಸಿಕೊಂಡು ರಸ್ತೆಯಂಚಿಗೆ ಝಾಡಿಸಿದೆ. ಗೀರಿಗೆ ಕರವಸ್ತ್ರ ಕಟ್ಟಿದೆ. ಒಬ್ಬೊಬ್ಬರ ಮುಖ, ಕಣ್ಣು, ಕೂದಲು ನೋಡಿದೆ. ಬಾಗಿಲನ್ನು ಮೆಲ್ಲಗೆ ಮುಚ್ಚಿದೆ. ಗಾಜು ಅಲುಗಿತು, ಬೀಳಲಿಲ್ಲ.

"ಆಂಟಿ, ಅವ್ವಗ ಫೋನ್ ಹಚ್ಚಬ್ಯಾಡ್ರಿ," ಎಂದಳು ಪ್ರಜ್ಞಾ. "ಈಗ ಕೇಳಿದ್ರ ಹೊಳ್ಳಿ ಬಾ ಅಂತಾಳ."

"ಮುಚ್ಚಿಡೋದು ಬ್ಯಾಡವ್ವಾ. ನೀ ಒಳಗ ಹೋಗು, ನಾನೇ ಹೇಳ್ತೀನಿ. ಪರೀಕ್ಷಾ ನಿಂದು, ಮಾತಾಡೋ ಕೆಲಸ ನಂದು."

ಗೇಟು ಎದ್ದಿತು. ನಾನು ಗಾಡಿ ಮುಂದಕ್ಕೇ ಬಿಟ್ಟೆ. ಅಂದು ವಾಪಸ್ಸು ಹೊರಳುವ ಯೋಚನೆಯೇ ನನಗೆ ಬರಲಿಲ್ಲ. ಯಾಕೆಂದು ಆಮೇಲೆ ಯೋಚಿಸಿದ್ದೇನೆ. ಆ ಗಾಜು ಹೇಗೆ ಒಡೆಯುತ್ತದೆ, ಒಡೆದ ಮೇಲೆ ಏನಾಗುತ್ತದೆ ಎಂದು ನಾನು ನನ್ನ ಹಿತ್ತಲಲ್ಲೇ ನೋಡಿದ್ದೆ. ನೋಡಿದ್ದಕ್ಕೆ ಹೆದರುವುದು ಕಡಿಮೆ. ಹುಡುಗಿಯರು ಹೊತ್ತಿಗೆ ಸರಿಯಾಗಿ 'ಲ್ಯಾಬ್' ಒಳಗೆ ಹೋದರು. ನಾನು ಹೊರಗೆ ಬೇವಿನ ಮರದಡಿ ನಿಂತು ಮಹಾದೇವಿಗೆ ಫೋನು ಮಾಡಿದೆ. ಅವಳು ಎಲ್ಲ ಕೇಳಿದಳು. ಹಿಂದೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಬರ್ರಿ" ಎಂದಷ್ಟೇ ಹೇಳಿ ಇಟ್ಟಳು.

ಪರೀಕ್ಷೆ ಮುಗಿಸಿ, ಠಾಣೆಯಲ್ಲಿ ದೂರು ಕೊಟ್ಟು, ಮಧ್ಯಾಹ್ನ ಓಣಿಗೆ ಬಂದಾಗ ಮಹಾದೇವಿ ನಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಮಗಳನ್ನು ಇಳಿಸಿಕೊಂಡು ತಲೆಯಿಂದ ಕಾಲಿನವರೆಗೆ ಸವರಿದಳು. ಆಮೇಲೆ ಸಿಂಧುವಿನ ಕೈ ಎತ್ತಿ ಗೀರನ್ನು ನೋಡಿದಳು. ಆಮೇಲೆ ಗಾಜಿನ ಹತ್ತಿರ ಹೋದಳು. ಹೆದರುತ್ತಲೇ ಒಂದು ಬೆರಳು ಒತ್ತಿದಳು, ಅಂಗೈ ಒತ್ತಿದಳು, ಕಡೆಗೆ ಮುಷ್ಟಿಯಿಂದ ನೂಕಿದಳು. ಕೌದಿಯಂತೆ ಅದು ಒಳಕ್ಕೆ ಹೋಗಿ ಹೊರಕ್ಕೆ ಬಂತು. ಒಳಗಿನಿಂದ ಕೈಹಾಕಿ ಕೆಳಮೂಲೆಯ ತೂತನ್ನು ಮುಟ್ಟಿನೋಡಿದಳು, ಹಾಳೆಯ ಕತ್ತರಿಸಿದ ಅಂಚಿನ ಗುಂಟ ಬೆರಳಾಡಿಸಿದಳು. ಬಟ್ಟೆಯ ಅಂಚನ್ನು ನೋಡುವ ಅದೇ ಬೆರಳು.

"ಅಸ್ತರ್ ಇಲ್ದಲ್ಲೇ ಹರದದ," ಎಂದಳು.

ನಾನು ಹೂಂ ಎಂದೆ.

"ಇಲ್ಲಿ ಯಾಕ ಬಿಟ್ಟೀರಿ?"

"ನಮ್ಮವರ ಅಮಾಸಿ."

ಅವಳು ನಗಲಿಲ್ಲ. ತೂತಿನ ಅಂಚಿಗೆ ಸಿಕ್ಕಿದ್ದ ಒಂದು ಹರಳನ್ನು ಉಗುರಿನಿಂದ ಬಿಡಿಸಿದಳು. ಪ್ರಜ್ಞಾ ಅವಳ ಹಿಂದೆ, ಚೀಲ ಎದೆಗವಚಿಕೊಂಡು. ಮರುದಿನ ಇನ್ನೊಂದು ಪ್ರಾಕ್ಟಿಕಲ್ ಇತ್ತು. ಕಳಿಸುತ್ತಾಳೋ ಇಲ್ಲವೋ ಎಂದು ಆ ಹುಡುಗಿಯ ಕಣ್ಣು ತಾಯಿಯ ಬೆನ್ನ ಮೇಲೇ ಇತ್ತು.

"ಗುಂಡಗುರ್ತಿಯಿಂದ ಫೋನ್ ಬಂದಿತ್ರಿ," ಎಂದಳು ಮಹಾದೇವಿ ಕಡೆಗೆ. "ಯಾವನೋ ಗೇಟಿನ ಹತ್ರ ಇದ್ದನಂತ. ನಮ್ಮ ಭಾವ ಅಂದ, ಕಲ್ಲು ಬಿದ್ದ ಮ್ಯಾಲರೆ ಬುದ್ಧಿ ಬಂತೇನು ಅಂತ. ನಾ ಅಂದೆ, ಕಲ್ಲು ಬಿತ್ತು, ಪೋರಿ ಪರೀಕ್ಷಾ ಬರಿಲಿಕತ್ತಾಳ. ಸಂಜಿಗೆ ಮಾತಾಡು ಅಂದೆ."

ಮರುದಿನ ಬೆಳಿಗ್ಗೆ ಕಾರು ಹೊರತೆಗೆಯುವಾಗ ಪ್ರಜ್ಞಾ ನಮ್ಮ ಬಾಗಿಲಲ್ಲಿ ನಿಂತಿದ್ದಳು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಆ ತೂತಿಗೆ ಒಳಗಿನಿಂದ ಒಂದು ದಪ್ಪ ಬಟ್ಟೆಯ ತುಂಡನ್ನು, ಅಂಚು ಮಡಚಿ ಹೊಲಿದದ್ದನ್ನು, ಮಹಾದೇವಿ ತಾನೇ ಅಂಟುಪಟ್ಟಿಯಿಂದ ಹಚ್ಚಿಕೊಟ್ಟಳು. ಆದರೂ ಷರತ್ತು ಸಡಿಲಿಸಲಿಲ್ಲ. "ನಡುವೆ ಕುಂದ್ರು" ಎಂದು ಮಗಳಿಗೆ ಹೇಳಿಯೇ ಬಾಗಿಲು ಹಾಕಿದಳು. ಪರೀಕ್ಷೆ ಮುಗಿಯುವವರೆಗೂ ಪ್ರಜ್ಞಾ ನಡುವೆಯೇ ಕೂತಳು, ಕತ್ತು ಚಾಚಿಯೇ ಊರು ನೋಡಿದಳು.

ಆಮೇಲೆ ಸೇಡಂಗೆ ಹೋಗಿ ಹೊಸ ಗಾಜು, ಹೊಸ ಹಾಳೆ ಹಾಕಿಸಿದೆ, ಮೂಲೆಯಿಂದ ಮೂಲೆಗೆ. ಪ್ರಜ್ಞಾ ಈಗ ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಸಿಂಧು ಅದೇ ಊರಿನಲ್ಲಿ ಫಾರ್ಮಸಿ. ಸಾನಿಯಾ ಬಿಎಸ್ಸಿ. ನಾಳೆಯಿಂದ ಮಹಾದೇವಿಯ ಕಿರಿಮಗಳು ಮೈತ್ರಿಗೆ ಪಿಯುಸಿ ಶುರು. ಅವಳ ಜೊತೆಗೆ ಓಣಿಯ ಇನ್ನಿಬ್ಬರು. ಮತ್ತೆ ಅದೇ ದಾರಿ, ಅದೇ ಕಾರು.

ಬಕೆಟ್ಟಿನ ನೊರೆ ಕರಗುವಷ್ಟರಲ್ಲಿ ಇಷ್ಟೆಲ್ಲ ಬಂದುಹೋಯಿತು. ಗಾಜುಗಳನ್ನು ನಡುವಿನಿಂದ ಅಂಚಿಗೆ ಒರೆಸಿದೆ. ನಮ್ಮವರು ಪೂಜೆಗೆ ಬಂದರು. ಈಗ ಅವರು ನಿಂಬೆಹಣ್ಣಿನ ದಾರವನ್ನು ಮುಂದಿನ ಬಂಪರಿಗೆ ಕಟ್ಟುತ್ತಾರೆ, ಕಟ್ಟುವಾಗ ಒಮ್ಮೆ ನನ್ನ ಕಡೆ ನೋಡುತ್ತಾರೆ.

ಸಂಜೆ ಮಣ್ಣೆತ್ತಿಗೆ ದೀಪ ಹಚ್ಚಿ, ಕಾರಿನ ಹಿಂದಿನ ಸೀಟಿನ ಮೇಲಿನ ಚಾದರ ಝಾಡಿಸುತ್ತಿದ್ದೆ. ಮಹಾದೇವಿ ಸಣ್ಣ ಸ್ಟೀಲಿನ ಬಟ್ಟಲು ಹಿಡಿದು ಬಂದಳು. ಹಾಲು ಕಾಸಿಟ್ಟಿದ್ದಾಳಂತೆ, ಹೆಪ್ಪಿಗೆ ಮೊಸರಿಲ್ಲ. ನಾನು ಒಳಗೆ ಹೋಗಿ ಎರಡು ಚಮಚ ಹಾಕಿಕೊಟ್ಟೆ. ಅವಳು ಬಟ್ಟಲಿನ ಮೇಲೆ ಅಂಗೈ ಮುಚ್ಚಿಕೊಂಡು ನಮ್ಮ ಗೇಟಿನವರೆಗೆ ಹೋದಳು. ಅಲ್ಲೇ ಹಿಂದಿನ ಎಡಗಾಜಿನ ಮೇಲೆ ಉಳಿದಿದ್ದ ಒಂದು ನೀರಿನ ಕಲೆಯನ್ನು ಸೆರಗಿನಿಂದ ಒರೆಸಿದಳು.

"ನಾಳಿ ಮೈತ್ರಿನ್ನ ನಡುವೆ ಕುಂದ್ರಸಬ್ಯಾಡ್ರಿ ವೈನಿ," ಎಂದಳು ಬೀದಿಗೆ ಕಾಲಿಡುತ್ತ. "ಅಕ್ಕನಂಗ ಕತ್ತು ನೋಯಿಸ್ಕೋತಾಳ. ಈ ಖಿಡಕಿ ಕಡಿ ಬಿಡ್ರಿ. ಊರಿಗೆ ಕಾಣ್ಲಿ."